ಜರ್ಮನಿಗೆ ಎಕ್ಸ್‌ಚೇಂಜ್‌ಗೆ ಬರುವವರೇ, ಸಂಕೋಚ ಬಿಟ್ಟು ಕೇಳಿ

ಸೆಪ್ಟೆಂಬರ್ ಬಂತು ಅಂದ್ರೆ ಇಲ್ಲಿನ ಕನ್ನಡದವರಿಗೆ ಎಕ್ಸ್‌ಚೇಂಜ್‌ಗೆ, ಅಂದರೆ ತಮ್ಮ ಕಾಲೇಜಿನಿಂದ ಸ್ವಲ್ಪ ಕಾಲ ಇಲ್ಲಿ ಓದೋಕೆ ಬರುವ ಹೊಸ ವಿದ್ಯಾರ್ಥಿಗಳ ಫೋನ್ ಶುರು. ರೂಮ್ ಕೀ ಯಾರ ಹತ್ರ ತಗೋಬೇಕು, ಪರೀಕ್ಷೆಗೆ ಎಲ್ಲಿ ಹೆಸರು ಕೊಡಬೇಕು, ಹೀಗೆ. ನಮಗೆ ಗೊತ್ತಿದ್ದಷ್ಟು ಖಂಡಿತ ಹೇಳ್ತೀವಿ. ಆದರೆ ಇದೆಲ್ಲ ನಮಗಿಂತ ಚೆನ್ನಾಗಿ ಗೊತ್ತಿರುವವರು ನಿಮ್ಮ ಯೂನಿವರ್ಸಿಟಿಯಲ್ಲೇ ಇದ್ದಾರೆ. ಅವರೇ ವಾಲಂಟಿಯರ್ ವಿದ್ಯಾರ್ಥಿಗಳು.

ಇಲ್ಲಿ ಹೆಚ್ಚಿನ ಯೂನಿವರ್ಸಿಟಿಗಳಲ್ಲಿ ಬಡ್ಡಿ (buddy, ಅಂದರೆ ಜೊತೆಗಾರ) ಪ್ರೋಗ್ರಾಮ್ ಅಂತ ಇರುತ್ತೆ, ಹೊಸಬರಿಗೆ ಒಬ್ಬ ಹಳೆಯ ವಿದ್ಯಾರ್ಥಿಯನ್ನು ಜೊತೆ ಮಾಡಿಕೊಡುತ್ತಾರೆ. 1989ರಲ್ಲಿ ಶುರುವಾದ ಎರಾಸ್ಮಸ್ ಸ್ಟೂಡೆಂಟ್ ನೆಟ್‌ವರ್ಕ್ ಅನ್ನುವ, ಎಕ್ಸ್‌ಚೇಂಜ್ ವಿದ್ಯಾರ್ಥಿಗಳಿಗೆ ನೆರವಾಗುವ ವಿದ್ಯಾರ್ಥಿಗಳ ಸಂಘ ಕೂಡ ತುಂಬಾ ಊರುಗಳಲ್ಲಿದೆ. ಅದು ಯುರೋಪಿನವರಿಗೆ ಮಾತ್ರ ಅಂದುಕೊಂಡು ಬಿಟ್ಟುಬಿಡಬೇಡಿ, ನೀವೂ ಹೋಗಬಹುದು. ಈ ವಾಲಂಟಿಯರ್‌ಗಳಿಗೆ ಯಾರೂ ಸಂಬಳ ಕೊಡಲ್ಲ. ಎಷ್ಟೋ ಜನ ತಾವೇ ಬೇರೆ ದೇಶಕ್ಕೆ ಹೋಗಿ ಒದ್ದಾಡಿ ಬಂದವರು, ಅದಕ್ಕೇ ಸಹಾಯಕ್ಕೆ ಬರ್ತಾರೆ.

ವಿಮಾನ ಹತ್ತುವ ಮುಂಚೆಯೇ ಇವರ ಹತ್ರ ಹೆಸರು ಕೊಡಿ. ಯಾಕೆ ಅಂದ್ರೆ ಮೊದಲ ತೊಂದರೆ ಬರೋದೇ ಕೀ ವಿಷಯದಲ್ಲಿ. ಹಾಸ್ಟೆಲ್ ನೋಡಿಕೊಳ್ಳುವ ಹೌಸ್‌ಮೈಸ್ಟರ್ ವಾರದ ದಿನಗಳಲ್ಲಿ ಸ್ವಲ್ಪ ಹೊತ್ತು ಮಾತ್ರ ಸಿಗುತ್ತಾರೆ, ಶನಿವಾರ ರಾತ್ರಿ ಬಂದಿಳಿದರೆ ಬಾಗಿಲು ತೆಗೆಯುವವರು ಯಾರೂ ಇರಲ್ಲ. ನೀವು ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕಳಿಸಿದರೆ ಎಷ್ಟೋ ಕಡೆ ವಾಲಂಟಿಯರ್ ಮೊದಲೇ ಕೀ ತಗೊಂಡಿರುತ್ತಾರೆ. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ, ಒಂದು ದಿನಕ್ಕೆ ಆಗುವಷ್ಟು ಬ್ರೆಡ್ಡು, ಹಾಲು ತಂದಿಡೋಕೆ ಹೇಳಿ, ದುಡ್ಡು ಆಮೇಲೆ ಮರೆಯದೆ ಕೊಡಿ.

ರೂಮಿಗೆ ಹೋದ ದಿನವೇ ಲೆಟರ್‌ಬಾಕ್ಸ್ ಮೇಲೆ ನಿಮ್ಮ ಹೆಸರು ಅಂಟಿಸಿ. ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಬರೆಯಿರಿ. ಇದು ಸಣ್ಣ ವಿಷಯ ಅನ್ಸುತ್ತೆ ಅಲ್ವಾ? ಆದರೆ ಬ್ಯಾಂಕ್ ಕಾರ್ಡು, ಅದರ ಪಿನ್ನು, ಇನ್ಶೂರೆನ್ಸ್ ಪತ್ರ ಎಲ್ಲ ಅಂಚೆಯಲ್ಲೇ ಬರುತ್ತವೆ, ಹೆಸರು ಕಾಣದಿದ್ದರೆ ಅಂಚೆಯವರು ವಾಪಸ್ ಕಳಿಸಿಬಿಡುತ್ತಾರೆ. ಮನೆಗೆ ಬಂದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದನ್ನು ಇಲ್ಲಿ ಆನ್‌ಮೆಲ್ಡುಂಗ್ ಅಂತಾರೆ. ಮನೆ ಕೊಟ್ಟವರು ಸಹಿ ಮಾಡಿದ ಕಾಗದ ಬೇಕು, ಬಾಡಿಗೆ ಕರಾರು ಪತ್ರ ಸಾಲದು. ಆ ಕಚೇರಿಗೆ ವಾಲಂಟಿಯರ್ ಜೊತೆಗೆ ಬಂದರೆ ಜರ್ಮನ್ ಮಾತಿನ ಭಯ ಅರ್ಧ ಕಮ್ಮಿ.

ಪರೀಕ್ಷೆ ವಿಷಯದಲ್ಲಿ ಮಾತ್ರ ತುಂಬಾ ಹುಷಾರಾಗಿರಿ. ನಮ್ಮಲ್ಲಿ ಪರೀಕ್ಷೆ ಫಾರ್ಮ್ ತುಂಬೋ ದಿನ ಬಂದರೆ ಕಾಲೇಜಿನವರೇ ನೋಟಿಸ್ ಹಾಕಿ, ಕರೆದು ಹೇಳ್ತಾರೆ. ಇಲ್ಲಿ ನೀವು ಸೆಮಿಸ್ಟರ್ ಪೂರ್ತಿ ಕ್ಲಾಸಿನಲ್ಲಿ ಕೂತಿದ್ದರೂ ಪರೀಕ್ಷೆಗೆ ಬೇರೆಯಾಗಿ ಹೆಸರು ಕೊಡದಿದ್ದರೆ ಸಾಮಾನ್ಯವಾಗಿ ಬರೆಯೋಕೆ ಬಿಡಲ್ಲ, ಆ ಕೊನೆಯ ದಿನಾಂಕವನ್ನು ಯಾರೂ ನೆನಪಿಸುವುದೂ ಇಲ್ಲ. ಮೊದಲ ವಾರವೇ ವಾಲಂಟಿಯರ್ ಪಕ್ಕ ಕೂತು ಯೂನಿವರ್ಸಿಟಿಯ ಆನ್‌ಲೈನ್ ಪೋರ್ಟಲ್‌ನಲ್ಲಿ ಪರೀಕ್ಷೆಗೆ ಹೆಸರು ಕೊಡೋದು ಎಲ್ಲಿ ಅಂತ ನೋಡಿಕೊಳ್ಳಿ. ಟೈಮ್‌ಟೇಬಲ್‌ನಲ್ಲಿ ಹತ್ತು ಗಂಟೆ ಸಿ.ಟಿ. ಅಂತಿದ್ದರೆ ಕ್ಲಾಸ್ 10:15ಕ್ಕೆ, ಎಸ್.ಟಿ. ಅಂತಿದ್ದರೆ ಸರಿಯಾಗಿ ಹತ್ತಕ್ಕೆ.

ನಮ್ಮ ಮಕ್ಕಳಲ್ಲಿ ನಾನು ಮತ್ತೆ ಮತ್ತೆ ನೋಡೋದು ಸಂಕೋಚ. ಏನಾದರೂ ಬೇಕಾ ಅಂತ ವಾಲಂಟಿಯರ್ ಕೇಳ್ತಾರೆ, ಏನೂ ಬೇಡ ಅಂತೀವಿ, ಇನ್ನೊಂದು ಸಲ ಕೇಳಲಿ ಅಂತ ಕಾಯ್ತೀವಿ. ಇಲ್ಲಿನವರು ಬೇಡ ಅಂದ್ರೆ ಬೇಡ ಅಂತಲೇ ತಿಳ್ಕೊಂಡು ಸುಮ್ನಾಗ್ತಾರೆ, ಅದರಲ್ಲಿ ಅಸಡ್ಡೆ ಏನಿಲ್ಲ. ಅದಕ್ಕೆ ಬಿಡಿಸಿ ಕೇಳಿ: 'ಗುರುವಾರ ಬೆಳಿಗ್ಗೆ ಕಚೇರಿಗೆ ನನ್ನ ಜೊತೆ ಒಂದು ಗಂಟೆ ಬರೋಕೆ ಆಗುತ್ತಾ?' ಆಗಲ್ಲ ಅಂದರೆ ಬೇಜಾರು ಬೇಡ, ಇನ್ನೊಂದು ದಿನ ಕೇಳಿ. ಹೇಳಿದ ಟೈಮಿಗೆ ಐದು ನಿಮಿಷ ಮುಂಚೆ ನಿಂತಿರಿ. ಅವರಿಂದ ಸಾಲ ಕೇಳಬೇಡಿ, ಬಾಡಿಗೆಗೆ ಜಾಮೀನು ನಿಲ್ಲಿ ಅನ್ನಬೇಡಿ, ಅವರೂ ಓದುವ ಮಕ್ಕಳೇ.

ನವೆಂಬರ್ ಕೊನೆಗೆ ಸಂಜೆ ನಾಲ್ಕೂವರೆಗೇ ಕತ್ತಲಾಗುತ್ತೆ, ತುಂಬಾ ಜನಕ್ಕೆ ಆಗಲೇ ಮನೆ ನೆನಪು ಜಾಸ್ತಿ. ನಮ್ಮ ಮನೆಗೆ ಊಟಕ್ಕೆ ಖಂಡಿತ ಬನ್ನಿ, ಆದರೆ ವಾಲಂಟಿಯರ್‌ಗಳು ಅಡುಗೆ ಸಂಜೆಗೋ ಬೋರ್ಡ್‌ಗೇಮ್‌ಗೋ ಕರೆದಾಗಲೂ ಹೋಗಿ. ನಿದ್ದೆ ಬರ್ತಿಲ್ಲ, ಕ್ಲಾಸಿಗೆ ಹೋಗೋಕೂ ಮನಸ್ಸಾಗ್ತಿಲ್ಲ ಅನ್ನುವ ಹಂತಕ್ಕೆ ಬಂದರೆ ಅದನ್ನೂ ಅವರಿಗೆ ಹೇಳಿ. ವಿದ್ಯಾರ್ಥಿಗಳಿಗಾಗಿಯೇ ಇರುವ ಸ್ಟುಡಿಯೆರೆಂಡನ್‌ವೆರ್ಕ್ ಅನ್ನುವ ಸಂಸ್ಥೆಯಲ್ಲಿ ಆಪ್ತಸಲಹೆ ಸಿಗುತ್ತೆ, ಎಷ್ಟೋ ಊರುಗಳಲ್ಲಿ ಇಂಗ್ಲಿಷಿನಲ್ಲೂ ಮಾತಾಡಬಹುದು. ಮೊದಲ ಫೋನ್ ಮಾಡೋಕೆ ಧೈರ್ಯ ಸಾಲದಿದ್ದರೆ, ನಿಮ್ಮ ವಾಲಂಟಿಯರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ.