ಹಳೇ ಲ್ಯಾಪ್‌ಟಾಪು, ಮಲೆನಾಡಿನ ಸಿಡಿಲು ಮತ್ತು ನಮ್ಮನೆ ಫೋಟೋಗಳು

ಇದೆಲ್ಲ ಶುರುವಾಗಿದ್ದು ಅಮ್ಮನ ಗುಡ್ ಮಾರ್ನಿಂಗ್ ಮೆಸೇಜುಗಳಿಂದ. ವಾಟ್ಸಾಪ್ ಬ್ಯಾಕಪ್ಪನ್ನೂ ಗೂಗಲ್‌ನ 15 ಜಿಬಿ ಲೆಕ್ಕಕ್ಕೆ ಸೇರಿಸಿದ ಮೇಲೆ, ಅವರ ಖಾತೆ ಗುಲಾಬಿ ಹೂ, ಗಣಪತಿ, ಸೂರ್ಯೋದಯಗಳಿಂದಲೇ ತುಂಬಿ ತುಳುಕಿತು. ಒಂದು ದಿನ ಜಿಮೇಲ್‌ಗೆ ಬ್ಯಾಂಕಿನ ಮೇಲ್ ಬರೋದೂ ನಿಂತಿತು. ನನ್ನ ಖಾತೆಯ ಕತೆಯೂ ಬೇರೆ ಏನಿರಲಿಲ್ಲ. 2021ರ ಜೂನ್ 1ಕ್ಕೆ ಗೂಗಲ್ ಫೋಟೋಸ್‌ನ ಬಿಟ್ಟಿ ಊಟ ಮುಗಿದಾಗಲೇ ವರ್ಷಕ್ಕೆ 1300 ರೂಪಾಯಿ ಕಟ್ಟಿ 100 ಜಿಬಿ ತಗೊಂಡಿದ್ದೆ. ಅದೂ ತುಂಬಿತು. ಅಮ್ಮ, ಹೆಂಡತಿ, ಅಕ್ಕ, ನಾನು ಎಲ್ಲರದ್ದೂ ಸೇರಿದರೆ 600 ಜಿಬಿ ಆಸುಪಾಸು. ಅದಕ್ಕೆ 2 ಟಿಬಿ ಪ್ಲಾನೇ ಬೇಕು, ಆಗ ವರ್ಷಕ್ಕೆ 6500.

ದುಡ್ಡಿಗಿಂತ ಜಾಸ್ತಿ ಉರಿದಿದ್ದು ಈ ಚಂದಾ ಪದ್ಧತಿ ನೋಡಿ. ಸಿನಿಮಾಗೆ ಚಂದಾ, ಹಾಡಿಗೆ ಚಂದಾ, ಈಗ ನಮ್ಮ ಮಗಳ ನಾಮಕರಣದ ಫೋಟೋ ನೋಡಲಿಕ್ಕೂ ಚಂದಾ. ಸಾಮಾನು ನಮ್ಮದು, ಗೋದಾಮು ಅವರದ್ದು, ಬಾಡಿಗೆ ಎಷ್ಟು ಅಂತ ಹೇಳೋರೂ ಅವರೇ.

ನಾನು ಸಾಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು. ಮನೆ ಪೇಟೆಯಿಂದ ಹದಿನಾಲ್ಕು ಕಿಲೋಮೀಟರ್ ಒಳಗೆ. ಮನೆಯಲ್ಲೇ ಇಮ್ಮಿಚ್ (ಗೂಗಲ್ ಫೋಟೋಸ್ ಥರದ್ದೇ, ಆದರೆ ನಮ್ಮದೇ ಕಂಪ್ಯೂಟರಿನಲ್ಲಿ ಓಡುವ ಸಾಫ್ಟ್‌ವೇರ್) ಹಾಕ್ತೀನಿ ಅಂದಾಗ ಬೆಂಗಳೂರಿನ ಸಾಫ್ಟ್‌ವೇರ್ ಭಾವ ನಕ್ಕುಬಿಟ್ಟ. 'ನಿಮ್ಮೂರ ಕರೆಂಟಿಗೆ ಫ್ರಿಜ್ಜೇ ಓಡಲ್ಲ, ಸರ್ವರ್ ಇಡ್ತಾನಂತೆ!' ಅವನು ಹೇಳಿದ್ದರಲ್ಲಿ ಸತ್ಯ ಇತ್ತು. ನನ್ನ ಮೊದಲ ಒಂದೂವರೆ ವರ್ಷ ಅದನ್ನು ಸಾಬೀತು ಮಾಡುವುದರಲ್ಲೇ ಹೋಯಿತು.

ಮೊದಲು ರಾಸ್ಪ್‌ಬೆರಿ ಪೈ 4, ಅಂಗೈಯಗಲದ ಪುಟ್ಟ ಕಂಪ್ಯೂಟರು. ಎಲ್ಲರೂ ಮಾಡುವ ತಪ್ಪು. ಕೇಸು, ಅಡಾಪ್ಟರು, ಕಾರ್ಡು ಎಲ್ಲ ಸೇರಿ ಏಳೂವರೆ ಸಾವಿರ ಆಯಿತು. ಡಿಸ್ಕನ್ನು ನೇರ ಅದರ ಯುಎಸ್‌ಬಿಗೆ ಚುಚ್ಚಿದ್ದೆ, ಪವರ್ ಸಾಲದೆ ಡಿಸ್ಕು ಆಗಾಗ ಮಾಯ ಆಗುತ್ತಿತ್ತು. ಮುಖ ಗುರುತಿಸುವ ಕೆಲಸ ಹಚ್ಚಿದರೆ ವಾರ ಕಳೆದರೂ ಮುಗಿಯಲಿಲ್ಲ. ಜೂನ್‌ನಲ್ಲಿ ಒಂದು ರಾತ್ರಿ ಏಳೆಂಟು ಸಲ ಕರೆಂಟು ಹೋಗಿ ಬಂತು. ಬೆಳಗ್ಗೆ ನೋಡಿದರೆ ಮೆಮೊರಿ ಕಾರ್ಡ್ ಸತ್ತಿತ್ತು, ಡೇಟಾಬೇಸ್ ಸಮೇತ. ಫೋಟೋಗಳು ಉಳಿದವು. ಆಲ್ಬಮ್ಮು, ಹೆಸರು, ನಾನು ಕೂತು ಮುಖಕ್ಕೆ ಮುಖ ಜೋಡಿಸಿದ್ದು ಎಲ್ಲ ಹೊಳೆಗೆ ಹೋಯಿತು.

ಎರಡನೆಯದು ಅಂಗಡಿಯಲ್ಲಿ ಯಾರೋ ಬಿಟ್ಟು ಹೋದ ಲ್ಯಾಪ್‌ಟಾಪು. ಬಿಟ್ಟಿ ಸಿಕ್ಕಿದ್ದು ಅಂತ ಖುಷಿಯಲ್ಲಿ ದಿನದ ಇಪ್ಪತ್ನಾಲ್ಕು ಗಂಟೆ ಚಾರ್ಜರ್‌ನಲ್ಲೇ ಇಟ್ಟೆ. ನಾಲ್ಕು ತಿಂಗಳಿಗೆ ಟಚ್‌ಪ್ಯಾಡು ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಮೇಲೆದ್ದಿತ್ತು. ಕೆಳಗೆ ಬ್ಯಾಟರಿ ಉಬ್ಬಿ ಕೂತಿತ್ತು. ಪುಣ್ಯ, ಬೆಂಕಿ ಹತ್ತಲಿಲ್ಲ. ಬೇರೆಯವರ ಲ್ಯಾಪ್‌ಟಾಪಿನ ಉಬ್ಬಿದ ಬ್ಯಾಟರಿ ತೆಗೆದು ದುಡ್ಡು ತಗೊಳ್ಳೋನು ನಾನು, ನನ್ನ ಮನೆಯದ್ದು ಕಾಣಲಿಲ್ಲ ನೋಡಿ.

ಮೂರನೆಯದು ಈಗ ಓಡುತ್ತಿರುವುದು. ಎಂಟನೇ ತಲೆಮಾರಿನ ಐ5 ಇರುವ ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್, ರ್‍ಯಾಮ್ 16 ಜಿಬಿಗೆ ಏರಿಸಿ ಹದಿಮೂರು ಸಾವಿರದೊಳಗೆ ಬಿತ್ತು. ಇದರಲ್ಲಿ ಚಾರ್ಜ್ ಮಿತಿ ಹಾಕಬಹುದು. ಬ್ಯಾಟರಿ ನೋಡಿಕೊಳ್ಳುವ ಟಿಎಲ್‌ಪಿ ಸಾಫ್ಟ್‌ವೇರಿನಲ್ಲಿ ಶೇಕಡಾ 55ಕ್ಕೆ ಶುರು, 65ಕ್ಕೆ ನಿಲ್ಲು ಅಂತ ಹೇಳಿಟ್ಟಿದ್ದೇನೆ. ಎರಡು ಮಳೆಗಾಲ ಆಯಿತು, ಬ್ಯಾಟರಿ ಹಾಳೆಯಷ್ಟೂ ಉಬ್ಬಿಲ್ಲ. 4 ಟಿಬಿ ಪೋರ್ಟಬಲ್ ಡಿಸ್ಕಿಗೆ ಬೇರೆ ಅಡಾಪ್ಟರ್ ಬೇಡ, ಲ್ಯಾಪ್‌ಟಾಪಿನಿಂದಲೇ ಅದಕ್ಕೆ ಊಟ. ಅಂದರೆ ಕರೆಂಟು ಹೋದರೂ ಡಿಸ್ಕು ನಿಲ್ಲುವುದಿಲ್ಲ. ಯುಪಿಎಸ್‌ಗೆ ಆರೇಳು ಸಾವಿರ ಸುರಿಯುವ ಮುಂಚೆ ಇದನ್ನೊಮ್ಮೆ ಯೋಚಿಸಿ. ಬ್ಯಾಟರಿ 20ಕ್ಕೆ ಇಳಿದರೆ ಡೇಟಾಬೇಸ್ ಮುಚ್ಚಿ ತಾನೇ ಮಲಗುವ ಹಾಗೆ ಒಂದು ಪುಟ್ಟ ಸ್ಕ್ರಿಪ್ಟ್ ಇದೆ. ಅದು ಎಲ್ಲರಿಗೂ ಬರೆಯಲಿಕ್ಕೆ ಬರುತ್ತದೆ.

ಕರೆಂಟು ಖರ್ಚು? ಸುಮ್ನೆ ಕೂತಾಗ ಹನ್ನೆರಡು ವ್ಯಾಟ್, ತಿಂಗಳಿಗೆ ಒಂಬತ್ತು ಯೂನಿಟ್ಟು. ಇಲ್ಲೊಂದು ತಮಾಷೆ. ಗೃಹಜ್ಯೋತಿಯಲ್ಲಿ ನಮಗೆ ಬಿಟ್ಟಿ ಸಿಗುವುದು 2022-23ರ ತಿಂಗಳ ಸರಾಸರಿ, ಅದರ ಮೇಲೆ ಶೇಕಡಾ 10. ನಮ್ಮ ಸರಾಸರಿ ಎಪ್ಪತ್ತರ ಹತ್ತಿರ. ಮೇಲಿನ ಆ ಏಳು ಯೂನಿಟ್ಟನ್ನು ಸರ್ವರ್ರೇ ನುಂಗಿ ಇನ್ನೂ ಎರಡು ಕೇಳುತ್ತಿತ್ತು. ಮೊದಲ ಬಿಲ್ ಬಂದಾಗ ಹೆಂಡತಿ ನೋಡಿದ ನೋಟಕ್ಕೆ ಹಳೇ ಬಲ್ಬುಗಳನ್ನೆಲ್ಲ ತೆಗೆದು ಎಲ್ಇಡಿ ಹಾಕಿ ಸರಿದೂಗಿಸಿದೆ.

ಆದರೆ ನಮ್ಮ ಕಡೆ ನಿಜವಾದ ಶತ್ರು ಕರೆಂಟಲ್ಲ, ಸಿಡಿಲು. ಏಪ್ರಿಲ್-ಮೇ ಗುಡುಗು ಅಂದರೆ ಗೊತ್ತಲ್ವಾ. ಎರಡು ರೌಟರ್, ಒಂದು ಫೈಬರ್ ಡಬ್ಬಿ ಹೋದವು. ಎರಡನೇ ಸಲ ಸಿಡಿಲು ಲ್ಯಾನ್ ಕೇಬಲ್ ಹಿಡಿದು ಹೋಗಿ ಲ್ಯಾಪ್‌ಟಾಪಿನ ಪೋರ್ಟನ್ನೂ ಸುಟ್ಟಿತು. ಫೈಬರ್‌ನಲ್ಲಿ ಸಿಡಿಲು ಹರಿಯಲ್ಲ ಅಂತ ಲೈನ್‌ಮ್ಯಾನ್ ನನಗೇ ಪಾಠ ಮಾಡಿದ. ನಾನಂದೆ, ಗಾಜಿನಲ್ಲಿ ಹರಿಯಲ್ಲಪ್ಪ, ಆದರೆ ಅದರ ಪಕ್ಕದಲ್ಲಿರುವ ಉಕ್ಕಿನ ತಂತಿಯಲ್ಲಿ ಹರಿಯುತ್ತದೆ, ನಿನ್ನ ಅಡಾಪ್ಟರಿನ ವೈರಿನಲ್ಲೂ ಹರಿಯುತ್ತದೆ. ಈಗ ಸರ್ವರಿಗೆ ಕೇಬಲ್ಲೇ ಇಲ್ಲ, ವೈಫೈ ಮಾತ್ರ. ಕೇಬಲ್ ಹಾಕದೆ ಸರ್ವರ್ ಇಡೋನು ಹುಚ್ಚ ಅಂತ ಗುರುತಿನವರೆಲ್ಲ ಬೈದರು. ಸ್ಪೀಡು ಅರ್ಧಕ್ಕೆ ಇಳಿದಿದ್ದು ಹೌದು. ಆದರೆ ಇಷ್ಟು ದಿನಕ್ಕೆ ಒಂದು ಪೋರ್ಟೂ ಸತ್ತಿಲ್ಲ. ರೌಟರಿಗೆ ಸಾವಿರದೈನೂರರ ಪುಟ್ಟ 12 ವೋಲ್ಟ್ ಬ್ಯಾಟರಿ ಡಬ್ಬಿ ಇದೆ, ಗುಡುಗು ಹತ್ತಿರ ಬರುತ್ತಿದ್ದ ಹಾಗೆ ಗೋಡೆಯ ಕರೆಂಟು ತಾನಾಗೇ ಕಡಿಯುತ್ತದೆ. ಅದು ಹೇಗೆ ಅಂತ ಇಲ್ಲಿ ಹೇಳುವುದಿಲ್ಲ. ಅಪ್ಪನ ಹಳೇ ರೇಡಿಯೋ ಒಂದಕ್ಕೆ ಅದರಲ್ಲಿ ಪಾಲಿದೆ ಅನ್ನುವಷ್ಟು ಮಾತ್ರ. ಉಳಿದದ್ದು ಅಂಗಡಿಗೆ ಬಂದರೆ, ಚಹಾ ಕುಡಿಸಿದರೆ.

ಗೂಗಲ್‌ನಿಂದ ಫೋಟೋ ಹೊರಗೆ ತರುವುದು ಇನ್ನೊಂದು ಪುರಾಣ. ನಮ್ಮ ಡೇಟಾ ಇಳಿಸಿಕೊಳ್ಳಲು ಗೂಗಲ್ಲೇ ಇಟ್ಟಿರುವ ಟೇಕ್‌ಔಟ್ ಕೊಡುವ ಲಿಂಕ್ ಒಂದೇ ವಾರ ಜೀವ ಇರುತ್ತದೆ. ನಮ್ಮ ಫೈಬರ್‌ಗೆ ಒಂದು ವಾರದಲ್ಲಿ ಅಷ್ಟೂ ಇಳಿಸಲಿಕ್ಕೆ ಆಗಲಿಲ್ಲ, ಮೂರು ಸಲ ಹೊಸದಾಗಿ ಕೇಳಿದೆ. ಇಳಿದ ಮೇಲೆ ಬಿಚ್ಚಿ ನೋಡಿದರೆ ಫೋಟೋ ಒಂದು ಕಡೆ, ಅದರ ವಿವರ ಪಕ್ಕದಲ್ಲಿ ಬೇರೆ ಜೆಸನ್ ಫೈಲಿನಲ್ಲಿ. ಹಾಗೇ ಎತ್ತಿ ಸುರಿದೆ, ಹಳೆಯ ವಾಟ್ಸಾಪ್ ಫೋಟೋಗಳೆಲ್ಲ ಅವತ್ತಿನ ತಾರೀಕಿಗೆ ಬಂದು ಕೂತವು. ಅಜ್ಜನ ವೈಕುಂಠ ಸಮಾರಾಧನೆಯೂ ಅಕ್ಕನ ಮದುವೆಯೂ ಒಂದೇ ದಿನ! ಎಲ್ಲ ಅಳಿಸಿ, ಫೋಟೋಗೆ ಅದರ ವಿವರ ಜೋಡಿಸಿ ಇಮ್ಮಿಚ್‌ಗೆ ಏರಿಸುವ ಇಮ್ಮಿಚ್-ಗೋ ಹಿಡಿದು ಮತ್ತೆ ಮಾಡಿದೆ. ಜಿಪ್ ಬಿಚ್ಚಬೇಡಿ, ಹಾಗೇ ಅದರ ಬಾಯಿಗೆ ಕೊಡಿ. ಅದಕ್ಕೂ ಸಿಗದ ಎರಡು ಸಾವಿರ ಚಿಲ್ಲರೆ ಫೋಟೋಗಳಿಗೆ ಫೈಲಿನ ಹೆಸರಲ್ಲಿದ್ದ ತಾರೀಕನ್ನೇ ಹೊಡೆದೆ.

ಮನೆ ಹೊರಗಿಂದ ಸರ್ವರ್ ತಲುಪಲಿಕ್ಕೆ ಟೈಲ್‌ಸ್ಕೇಲ್, ಫೋನಿಗೂ ಸರ್ವರಿಗೂ ನಡುವೆ ಖಾಸಗಿ ದಾರಿ (ವಿಪಿಎನ್) ಮಾಡಿಕೊಡುವ ಆ್ಯಪು. ಫೈಬರ್‌ನವರು ಕೊಡುವುದು ಬೇರೆ ಗಿರಾಕಿಗಳ ಜೊತೆ ಹಂಚಿಕೊಂಡ ಇಂಟರ್ನೆಟ್ ವಿಳಾಸ, ಹೊರಗಿಂದ ನೇರ ಒಳಗೆ ಬರಲು ಬಾಗಿಲು (ಪೋರ್ಟ್) ತೆರೆಯುವ ಮಾತೇ ಇಲ್ಲ. ಇದು ಹತ್ತು ನಿಮಿಷದ ಕೆಲಸ. ಅಮ್ಮನ ಫೋನಿನಲ್ಲಿ ಮಾತ್ರ ಎರಡು ತಿಂಗಳು ಹಿಡಿಯಿತು. ವಿಪಿಎನ್ ಅಂದರೆ ಮೇಲೆ ಪುಟ್ಟ ಕೀಲಿಕೈ ಚಿತ್ರ ಬರುತ್ತದೆ. ಫೋನ್ ಮಾಡಿದಾಗೆಲ್ಲ ಸೈಬರ್ ವಂಚನೆಯ ಎಚ್ಚರಿಕೆ ಕೇಳಿ ಕೇಳಿ ಹೆದರಿದ್ದ ಅಮ್ಮ, ಕೀಲಿಕೈ ಕಂಡ ಕೂಡಲೇ ಆಫ್ ಮಾಡುತ್ತಿದ್ದರು. 'ಯಾರೋ ಒಳಗೆ ಬಂದಿದ್ದಾರೆ ಕಣೋ.' ಬಂದವನು ನಾನೇ ಅಂತ ನಂಬಿಸಲು ಅವರ ಎದುರೇ ಕೂತು ಆನ್ ಮಾಡಿ ತೋರಿಸಬೇಕಾಯಿತು.

ನಡುವೆ ಒಂದು ದಾರಿ ತಪ್ಪಿದ ಪ್ರಯೋಗ. 2025ರ ಸೆಪ್ಟೆಂಬರ್‌ನಲ್ಲಿ ಎಲ್ಲರೂ ಗೂಗಲ್ ಜೆಮಿನಿಯ ಫೋಟೋ ತಿದ್ದುವ ಎಐ ನ್ಯಾನೋ ಬನಾನಾಗೆ ಫೋಟೋ ಕೊಟ್ಟು ಸೀರೆ ಉಡಿಸಿಕೊಳ್ಳುತ್ತಿದ್ದರಲ್ಲ, ನಾನು ಅಜ್ಜಿಯ ಕಪ್ಪು ಬಿಳುಪು ಫೋಟೋ ಒಂದನ್ನು ಬಣ್ಣ ಮಾಡಲು ಕೊಟ್ಟೆ. ಬಣ್ಣ ಅದ್ಭುತ. ಸೀರೆಯ ಅಂಚು ಮಿಂಚುತ್ತಿತ್ತು. ಅಮ್ಮ ಕನ್ನಡಕ ಹಾಕಿಕೊಂಡು ಸುಮಾರು ಹೊತ್ತು ನೋಡಿದರು. 'ಚಂದ ಇದ್ದಾಳೆ. ಯಾರಿದು?' ಎಡಗಡೆಯ ಮೂಗುಬಟ್ಟು ಮಾಯ ಆಗಿತ್ತು. ಗಲ್ಲದ ಹಚ್ಚೆಯ ಚುಕ್ಕಿಯನ್ನು ಕೊಳೆ ಅಂದುಕೊಂಡು ಒರೆಸಿ ಹಾಕಿತ್ತು. ಕೆನ್ನೆ ತುಂಬಿಕೊಂಡಿತ್ತು. ಮೂಲ ಸ್ಕ್ಯಾನ್ ಸರ್ವರ್‌ನಲ್ಲಿ ಇಲ್ಲದೆ ಇದ್ದರೆ, ಇನ್ನು ಇಪ್ಪತ್ತು ವರ್ಷಕ್ಕೆ ನನ್ನ ಮಗಳಿಗೆ ಈ ಬಣ್ಣದ ಹೆಂಗಸೇ ಮುತ್ತಜ್ಜಿ ಆಗುತ್ತಿದ್ದಳು. ಆವತ್ತೇ ಆ ಫೈಲ್ ಅಳಿಸಿದೆ.

ಎಐ ಎಲ್ಲ ಕೆಟ್ಟದ್ದು ಅಂತ ನನ್ನ ವಾದ ಅಲ್ಲ. ಇಮ್ಮಿಚ್‌ನ ಹುಡುಕಾಟಕ್ಕೆ ಎನ್ಎಲ್ಎಲ್‌ಬಿ-ಕ್ಲಿಪ್ ಅನ್ನೋ ಎಐ ಮಾಡೆಲ್ ಹಾಕಿದೆ, ಅದಕ್ಕೆ ಕನ್ನಡ ಅರ್ಥ ಆಗುತ್ತದೆ. ಮತ್ತೆ ಎಲ್ಲ ಫೋಟೋ ಓದಲಿಕ್ಕೆ ಎರಡು ರಾತ್ರಿ ತಗೊಂಡಿತು, ಫ್ಯಾನ್ ಹಿಟ್ಟಿನ ಗಿರಣಿ ಹಾಗೆ ಕೂಗುತ್ತಿತ್ತು. ಈಗ ಅಮ್ಮ 'ಹಸು' ಅಂತ ಬರೆದರೆ ಹಸು ಬರುತ್ತದೆ. 'ಮದುವೆ ಊಟ' ಅಂದರೆ ಬಾಳೆಲೆ ಸಾಲು ಬರುತ್ತದೆ. 'ಕೊಟ್ಟಿಗೆ' ಅಂದರೆ ಮಾತ್ರ ನಮ್ಮ ಬೈಕ್ ಶೆಡ್ ತೋರಿಸುತ್ತದೆ. 'ಅಡಿಕೆ ಕೊನೆ' ಅಂದಾಗ ಬಂದದ್ದನ್ನು ಹೇಳದೇ ಇರುವುದು ಒಳ್ಳೆಯದು. ಈ ಕೆಲಸ ಎಲ್ಲ ನಮ್ಮ ಜಗಲಿಯ ಕಪಾಟಿನಲ್ಲೇ ನಡೆಯುತ್ತದೆ, ಫೋಟೋ ಮನೆ ಬಿಟ್ಟು ಆಚೆ ಹೋಗುವುದಿಲ್ಲ.

ಅಪ್‌ಡೇಟ್ ಬಗ್ಗೆ ಒಂದು ಮಾತು. ರಾತ್ರಿ ಹನ್ನೊಂದಕ್ಕೆ ಟಿಪ್ಪಣಿ ಓದದೆ ಅಪ್‌ಡೇಟ್ ಒತ್ತಬೇಡಿ. ಒತ್ತಿದೆ, ಫೋನಿನ ಆ್ಯಪು ಒಂದು ಆವೃತ್ತಿ, ಸರ್ವರ್ ಇನ್ನೊಂದು, ಮೂರು ದಿನ ಮನೆಯಲ್ಲಿ ಬೈಗುಳ. 2025ರ ಅಕ್ಟೋಬರ್‌ನಲ್ಲಿ ಇಮ್ಮಿಚ್‌ನ ಎರಡನೇ ಆವೃತ್ತಿ ಬಂದ ಮೇಲೆ ಪರವಾಗಿಲ್ಲ. ಆದರೂ ಎಲ್ಲದರ ನಕಲಿರುವ ಇನ್ನೊಂದು ಡಿಸ್ಕು ಬೆಂಗಳೂರಿನ ಅಕ್ಕನ ಮನೆ ಬೀರುವಿನಲ್ಲಿ ಸೀರೆಗಳ ಮಧ್ಯೆ ಇದೆ. ಯುಗಾದಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ ಅದಲು ಬದಲು.

ಲೆಕ್ಕ ಕೇಳಿದರೆ ಸತ್ಯ ಹೇಳಿಬಿಡುತ್ತೇನೆ. ಪೈ, ಸುಟ್ಟ ರೌಟರುಗಳು, ಎರಡು ಡಿಸ್ಕು, ಈ ಲ್ಯಾಪ್‌ಟಾಪು, ಎಲ್ಲ ಸೇರಿ ನಲವತ್ತೈದು ಸಾವಿರದ ಹತ್ತಿರ ಕೈಬಿಟ್ಟಿದೆ. ಆ ದುಡ್ಡಿಗೆ ಏಳು ವರ್ಷ ಗೂಗಲ್‌ನ 2 ಟಿಬಿ ಬರುತ್ತಿತ್ತು. ದಡ್ಡತನದ ಖರ್ಚು ಕಳೆದು ಇವತ್ತು ಹೊಸದಾಗಿ ಮಾಡಿದರೆ ಇಪ್ಪತ್ತೈದರಲ್ಲಿ ಮುಗಿಸಿ ಕೊಡುತ್ತೇನೆ. ಆಗಲೇ ಊರಿನ ಎರಡು ಮನೆಗೆ ಮಾಡಿಕೊಟ್ಟೆ.

ಕಳೆದ ಜುಲೈನಲ್ಲಿ ಮರ ಬಿದ್ದು ಹತ್ತೊಂಬತ್ತು ಗಂಟೆ ಕರೆಂಟು ಇರಲಿಲ್ಲ. ಬ್ಯಾಟರಿ ಎರಡು ಗಂಟೆ ಎಳೆದು, ಸರ್ವರ್ ಮರ್ಯಾದೆಯಿಂದ ಮಲಗಿತು. ಕರೆಂಟು ಬಂದ ಮೇಲೆ ತಾನೇ ಎದ್ದು ಬಾಕಿ ಫೋಟೋ ಎಳೆದುಕೊಂಡಿತು. ಆ ವಾರವೇ ಭಾವನ ಫೋನ್ ಬಂತು, ಅವನ ಗೂಗಲ್ ಖಾತೆ ತುಂಬಿದೆಯಂತೆ. 'ನಿನ್ನ ಡಬ್ಬದಲ್ಲಿ ಒಂದು 200 ಜಿಬಿ ಜಾಗ ಇದೆಯಾ?' ಇದೆ ಅಂದೆ. ಅವನ ಮೂವತ್ತೊಂದು ಸಾವಿರ ಫೋಟೋ ಏರಲಿಕ್ಕೆ ಆರು ದಿನ ಹಿಡಿಯಿತು, ಅರ್ಧಕ್ಕರ್ಧ ಹೋಟೆಲ್ ತಟ್ಟೆಗಳು.