ಪ್ಲಗ್ಗಿನ ಮೂರನೆಯ ತೂತು

ಮಿಕ್ಸರ್ ತಿರುಗುತ್ತದೆ, ಫ್ರಿಜ್ ತಣ್ಣಗಿದೆ, ಮೊಬೈಲ್ ಚಾರ್ಜ್ ಆಗುತ್ತದೆ ಎಂದಾದರೆ ಮನೆಯ ವೈರಿಂಗ್ ಸರಿಯಿದೆ ಎಂದೇ ನಮ್ಮ ಕಡೆ ಎಲ್ಲರೂ ತಿಳಿಯುತ್ತಾರೆ. ಪ್ಲಗ್ ಪಾಯಿಂಟಿನ ಮೇಲಿನ ದೊಡ್ಡ ತೂತಿಗೆ ತಂತಿಯೇ ಬಂದಿರದಿದ್ದರೂ ಇವೆಲ್ಲ ಸಲೀಸಾಗಿ ನಡೆಯುತ್ತವೆ. ಸಾಗರದ ಕಡೆಯ ನಮ್ಮ ಹಳೆಯ ಹೆಂಚಿನ ಮನೆಯಲ್ಲಿ ಕರಕಲಾದ ಪಾಯಿಂಟುಗಳನ್ನು ಬಿಚ್ಚಿ ಹೊಸದು ಹಾಕಲು ಹೊರಟಾಗ ನಾನು ಮುಖ್ಯವಾಗಿ ಹುಡುಕಿದ್ದು ಆ ಮೂರನೆಯ ತೂತಿನ ತಂತಿಯನ್ನು. ಅದೇ ಅರ್ಥಿಂಗ್, ಯಂತ್ರದ ಮೈಗೆ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ತಂತಿ.

ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚಿನಂಥವನ್ನು ಇದ್ದ ಜಾಗದಲ್ಲೇ, ಇದ್ದ ಸಾಮರ್ಥ್ಯದಲ್ಲೇ ಬದಲಾಯಿಸುವುದಕ್ಕೆ ನಿಯಮದ ಅಡ್ಡಿಯಿಲ್ಲ. ಹೊಸ ಲೈನ್ ಎಳೆಯುವುದು, ಇದ್ದ ವೈರಿಂಗನ್ನು ಮಾರ್ಪಡಿಸುವುದು ಪರವಾನಗಿ ಇರುವ ಗುತ್ತಿಗೆದಾರರ ಕೆಲಸ. ನಾನೂ ಅಲ್ಲಿಗೇ ಗೆರೆ ಎಳೆದುಕೊಂಡೆ.

ಸಲಕರಣೆ ಹೆಚ್ಚೇನೂ ಬೇಡ: ಹಿಡಿಗೆ ಒಳ್ಳೆಯ ಇನ್ಸುಲೇಶನ್ ಇರುವ ಸ್ಕ್ರೂಡ್ರೈವರುಗಳು, ಕಟಿಂಗ್ ಪ್ಲೇಯರ್, ವೈರ್ ಸ್ಟ್ರಿಪ್ಪರ್, ಮಲ್ಟಿಮೀಟರ್, ತಲೆಗೆ ಕಟ್ಟಿಕೊಳ್ಳುವ ಟಾರ್ಚ್. ಹಲ್ಲಿನಿಂದ ವೈರ್ ಸುಲಿಯುವ ಶೂರರು ಊರಿನಲ್ಲಿ ಇದ್ದಾರೆ. ನನಗೆ ಹಲ್ಲಿನ ಮೇಲೆ ಪ್ರೀತಿ ಹೆಚ್ಚು. ಟೆಸ್ಟರನ್ನು ಮಾತ್ರ ಅರ್ಧದಷ್ಟೇ ನಂಬುತ್ತೇನೆ. ಒಣ ಮರದ ಏಣಿಯ ಮೇಲೆ ನಿಂತು ಹಿಡಿದರೆ ಕರೆಂಟ್ ಇದ್ದರೂ ಅದರ ದೀಪ ಸರಿಯಾಗಿ ಕಾಣದೇ ಹೋಗಬಹುದು. ಹಾಗಾಗಿ ಮೊದಲು ಕರೆಂಟ್ ಇರುವುದು ಖಾತ್ರಿಯಿರುವ ಕಡೆ ಮಲ್ಟಿಮೀಟರ್ ಹಿಡಿದು ಅದು ಸರಿಯಿದೆಯೇ ಎಂದು ನೋಡಿ, ಮೇನ್ ಆಫ್ ಮಾಡಿ, ಆಮೇಲೆ ಬಿಚ್ಚಬೇಕಾದ ಪಾಯಿಂಟಿಗೆ ಹಿಡಿಯುತ್ತೇನೆ.

ಮೇನ್ ಆಫ್ ಮಾಡಿದರೆ ಸಾಲದು, ಇನ್ವರ್ಟರ್ ಇದೆ. ಮಲೆನಾಡಿನಲ್ಲಿ ಈಗ ಎಷ್ಟೋ ಮನೆಗಳಲ್ಲಿ ಇನ್ವರ್ಟರ್ ಇರುತ್ತದೆ. ಮೇನ್ ಇಳಿಸಿದ ಕೂಡಲೇ ಅದು ತನ್ನ ಪಾಲಿನ ಲೈನಿಗೆ 230 ವೋಲ್ಟ್ ಕೊಡಲು ಶುರುಮಾಡುತ್ತದೆ. ಅದರ ಔಟ್‌ಪುಟ್ಟನ್ನೂ ಆಫ್ ಮಾಡಿ, ಮೀಟರಿನಲ್ಲಿ ನೋಡಿದ ಮೇಲೆಯೇ ಬೋರ್ಡಿಗೆ ಕೈ ಹಾಕಬೇಕು. ಕೆಲವು ಹಳೆಯ ಬೋರ್ಡುಗಳಲ್ಲಿ ಸ್ವಿಚ್ಚು ಕರೆಂಟ್ ತರುವ ಫೇಸ್ ತಂತಿಯ ಬದಲು, ಅದು ಮರಳುವ ನ್ಯೂಟ್ರಲ್ ತಂತಿಯ ಮೇಲೆ ಕೂತಿರುತ್ತದೆ. ಸ್ವಿಚ್ ಆಫ್ ಇದ್ದರೂ ಪಾಯಿಂಟಿನಲ್ಲಿ ಫೇಸ್ ಇದ್ದೇ ಇರುತ್ತದೆ. ನಮ್ಮ ಜಗಲಿಯ ಬೋರ್ಡು ಅಂಥದ್ದೇ ಆಗಿತ್ತು.

ಸಾಗುವಾನಿಯ ಬೋರ್ಡುಗಳ ಒಳಗೆ ಇರುವೆಯ ಮಣ್ಣು, ಕಣಜದ ಗೂಡು, ಹಲ್ಲಿಯ ಮೊಟ್ಟೆ ಎಲ್ಲವೂ ಇದ್ದವು. ಅಡುಗೆಮನೆಗೆ ಅರ್ಥಿಂಗಿನ ಹಸಿರು ತಂತಿ ಬಂದಿತ್ತು, ಆದರೆ ಯಾರೋ ಅದನ್ನು ಕತ್ತರಿಸಿ ಟೇಪ್ ಸುತ್ತಿಟ್ಟಿದ್ದರು. ಗ್ರೈಂಡರಿನ ಪಾಯಿಂಟಿನಲ್ಲಿ ಕಂಡದ್ದು ಅದಕ್ಕಿಂತ ಕೆಟ್ಟದ್ದು. ನ್ಯೂಟ್ರಲಿನಿಂದ ಮೋಟು ತಂತಿಯೊಂದನ್ನು ಎಳೆದು ಅರ್ಥಿಂಗಿನ ತೂತಿಗೆ ಸಿಕ್ಕಿಸಿದ್ದರು. ಟೆಸ್ಟರ್ ಇಟ್ಟು ನೋಡುವವರಿಗೆ ಇದರಲ್ಲಿ ಯಾವ ದೋಷವೂ ಕಾಣುವುದಿಲ್ಲ. ಆದರೆ ಎಲ್ಲಾದರೂ ನ್ಯೂಟ್ರಲ್ ತುಂಡಾದರೆ, ಫೇಸ್ ಮೋಟಾರಿನ ಸುರುಳಿಯ ಮೂಲಕ ಹಾಯ್ದು ಆ ಮೋಟು ತಂತಿಯಿಂದ ನೇರ ಗ್ರೈಂಡರಿನ ಸ್ಟೀಲ್ ಮೈಗೆ ಬರುತ್ತದೆ. ಒದ್ದೆ ಕೈಯಲ್ಲಿ ಹಿಟ್ಟು ಬಾಚುವವರ ಗತಿ ಏನು? ಆ ತಂತಿಯನ್ನು ಕಿತ್ತು, ಸರಿಯಾದ ಹಸಿರು ತಂತಿ ಬರುವವರೆಗೆ ಆ ಪಾಯಿಂಟನ್ನು ಬಳಸಲು ಬಿಡಲಿಲ್ಲ. ಮನೆಯಲ್ಲಿ ಅಷ್ಟು ದಿನ ದೋಸೆಯೂ ಆಗಲಿಲ್ಲ.

ಹೊಸ ಪಾಯಿಂಟ್ ಕೂರಿಸುವುದು ಸುಲಭ. ಎದುರಿನಿಂದ ನೋಡುವಾಗ ಮೇಲೆ ಅರ್ಥಿಂಗ್, ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್. ಹಿಂದಿನಿಂದ ಜೋಡಿಸುವಾಗ ಎಡಬಲ ಅದಲುಬದಲಾಗುವುದರಿಂದ ಅಲ್ಲಿ ಅಚ್ಚಾಗಿರುವ ಎಲ್ (ಫೇಸ್), ಎನ್ (ನ್ಯೂಟ್ರಲ್), ಇ (ಅರ್ಥಿಂಗ್) ಅಕ್ಷರಗಳನ್ನೇ ನೋಡಬೇಕು. ತಂತಿಯ ಎಳೆಗಳನ್ನು ಹೊಸೆದು, ಮಡಿಚಿ, ಸ್ಕ್ರೂ ಬಿಗಿದ ಮೇಲೆ ಒಮ್ಮೆ ಜಗ್ಗಿ ನೋಡುತ್ತೇನೆ. ಪಾಯಿಂಟುಗಳು ಕರಕಲಾಗಲು ಸಡಿಲ ಸ್ಕ್ರೂ ಒಂದು ಕಾರಣವಾದರೆ, ಮಳೆಗಾಲದಲ್ಲಿ ನೀರು ಕಾಯಿಸುವ ಕಾಯಿಲ್ ಇನ್ನೊಂದು. ಸೌದೆ ಒದ್ದೆಯಾಗಿ ಹಂಡೆಯ ಒಲೆ ಹತ್ತದಾಗ ಎಲ್ಲರಿಗೂ ಕಾಯಿಲ್ ನೆನಪಾಗುತ್ತದೆ. 1500 ವ್ಯಾಟಿನ ಕಾಯಿಲ್ ಸುಮಾರು ಆರೂವರೆ ಆಂಪಿಯರ್ ಎಳೆಯುತ್ತದೆ. ಅದನ್ನು 6 ಆಂಪಿಯರಿನ ಚಿಕ್ಕ ಪಾಯಿಂಟಿಗೆ ಸಿಕ್ಕಿಸುವ ಅಡಾಪ್ಟರನ್ನು ನಾನು ಒಲೆಗೆ ಹಾಕಿದೆ. ಬಚ್ಚಲ ಹೊರಗೆ 16 ಆಂಪಿಯರಿನ ಪಾಯಿಂಟಿಗೆ 2.5 ಚದರ ಮಿಲಿಮೀಟರಿನ ಪ್ರತ್ಯೇಕ ತಂತಿಯನ್ನು ಎಲೆಕ್ಟ್ರಿಷಿಯನ್ ಎಳೆದುಕೊಟ್ಟರು. ಹಸಿರು ತಂತಿಗಳನ್ನು ಸರಿಪಡಿಸಿದ್ದೂ ಅವರೇ.

ಹಸಿರು ತಂತಿ ಕೊನೆಗೆ ಮುಟ್ಟುವ, ನೆಲದಲ್ಲಿ ತೋಡಿದ ಅರ್ಥಿಂಗ್ ಗುಂಡಿಯೇ ಸತ್ತಿದ್ದರೆ ಇಷ್ಟೆಲ್ಲ ಮಾಡಿಯೂ ಫಲವಿಲ್ಲ. ಫೇಸಿಗೂ ಅರ್ಥಿಂಗಿಗೂ ನಡುವೆ ನನ್ನ ಮಲ್ಟಿಮೀಟರ್ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜ್ ತೋರಿಸಿತು. ಎಲೆಕ್ಟ್ರಿಷಿಯನ್ ಅದನ್ನು ಒಪ್ಪಲಿಲ್ಲ. ಗುಂಡಿಯ ತಂತಿಯನ್ನು ಮನೆಯಿಂದ ಬೇರ್ಪಡಿಸಿ, ಅದಕ್ಕೂ ಫೇಸಿಗೂ ನಡುವೆ 100 ವ್ಯಾಟಿನ ಬಲ್ಬು ಹಚ್ಚಿದರು. ಬಲ್ಬು ಮಂಕಾಗಿ ಕೆಂಪಗೆ ನಿಂತಿತು. ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಕೆಟ್ಟ ಅರ್ಥಿಂಗೂ ಅದಕ್ಕೆ ಚೆನ್ನಾಗಿಯೇ ಕಾಣುತ್ತದೆ. ಬಲ್ಬಿಗೆ ಕರೆಂಟ್ ಬೇಕು, ಹಾಗಾಗಿ ಬಣ್ಣ ಬಯಲಾಗುತ್ತದೆ. ಈ ಪರೀಕ್ಷೆಯನ್ನು ತಿಳಿದವರೇ ಮಾಡಬೇಕು. ಮನೆಯ ಹಸಿರು ತಂತಿಗಳು ಜೋಡಣೆಯಲ್ಲಿದ್ದಾಗ ಮಾಡಿದರೆ ಎಲ್ಲ ಯಂತ್ರಗಳ ಮೈಗೂ ಕರೆಂಟ್ ಹೋಗಬಹುದು.

ಹಳೆಯ ಗುಂಡಿ ಒಣ ಜಂಬಿಟ್ಟಿಗೆಯ ದರೆಯಲ್ಲಿತ್ತು, ಬೋಲ್ಟು ತುಕ್ಕಿನ ಮುದ್ದೆಯಾಗಿತ್ತು. ಹೊಸದನ್ನು ಬಚ್ಚಲ ನೀರು ಹರಿಯುವ ಬಾಳೆಬುಡದ ಹತ್ತಿರ, ಗೋಡೆಯಿಂದ ಒಂದೂವರೆ ಮೀಟರಿಗೂ ಆಚೆ ತೋಡಿದೆವು. ಜಿಐ ಪೈಪಿನ ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿ, ಮೇಲೆ ನೀರು ಹೊಯ್ಯಲು ಆಲಿಕೆ ಬಿಟ್ಟೆವು. ಬೇಸಿಗೆಯಲ್ಲಿ ಅದಕ್ಕೆ ಕೊಡದಲ್ಲಿ ನೀರು ಹೊಯ್ಯುತ್ತೇನೆ.

ಜೊತೆಗೆ ಕರೆಂಟ್ ಸೋರಿದರೆ ಲೈನ್ ಕಡಿಯುವ, 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನೂ ಹಾಕಿಸಿದೆವು. ಫೇಸಿನಲ್ಲಿ ಹೋದ ಕರೆಂಟ್ ನ್ಯೂಟ್ರಲಿನಲ್ಲಿ ಅಷ್ಟೇ ಮರಳದಿದ್ದರೆ ಅದು ಬೀಳುತ್ತದೆ. ಲೋಡ್ ಹೆಚ್ಚಾದರೆ ಬೀಳುವುದು ಎಂಸಿಬಿ, ಎರಡೂ ಬೇಕು. ಮೊದಲ ಜಡಿಮಳೆಗೇ ಆರ್‌ಸಿಸಿಬಿ ಪದೇ ಪದೇ ಬೀಳತೊಡಗಿದಾಗ, "ಇದನ್ನು ತೆಗೆಸಿಬಿಡು, ಹಿಂದೆಲ್ಲ ಹೀಗೆ ಆಗುತ್ತಿರಲಿಲ್ಲ" ಎಂದರು ಅಪ್ಪಯ್ಯ. ಎಂಸಿಬಿಗಳನ್ನೆಲ್ಲ ಇಳಿಸಿ ಒಂದೊಂದಾಗಿ ಏರಿಸುತ್ತಾ ಹೋದೆ. ಕೊಟ್ಟಿಗೆಯದನ್ನು ಏರಿಸಿದೊಡನೆ ಬಿತ್ತು. ಇರಚಲಿಗೆ ನೆನೆದ ಹೋಲ್ಡರಿನಿಂದ ಕಬ್ಬಿಣದ ಕಂಬಕ್ಕೆ ಕರೆಂಟ್ ಇಳಿಯುತ್ತಿತ್ತು, ಎಮ್ಮೆ ಕಟ್ಟುತ್ತಿದ್ದದ್ದೂ ಅದೇ ಕಂಬಕ್ಕೆ. ಹೋಲ್ಡರ್ ಬದಲಾಯಿಸಿ, ಇರಚಲು ತಾಗದಂತೆ ಅಟ್ಟದ ಅಡಿಗೆ ಸರಿಸಿದ ಮೇಲೆ ಆರ್‌ಸಿಸಿಬಿ ಬೀಳುವುದು ನಿಂತಿತು. ಅಪ್ಪಯ್ಯ ಮತ್ತೆ ಆ ಮಾತು ಎತ್ತಲಿಲ್ಲ.