ಎಡಪುಟಕ್ಕೆ ಬೇಸ್‌ಬಾಲ್, ಬಲಪುಟಕ್ಕೆ ಗಾಳಿಸುದ್ದಿ

ಆರ್ಕನ್ಸಾ ರಾಜ್ಯದಲ್ಲಿ ದೊಡ್ಡ ಲೀಗ್‌ಗಳ ವೃತ್ತಿಪರ ತಂಡ ಒಂದೂ ಇಲ್ಲ. ಹಾಗಾಗಿ ಇಲ್ಲಿಯವರ ಪ್ರೀತಿ, ಸಿಟ್ಟು, ಹರಕೆ, ಶಾಪ ಎಲ್ಲಾ ಫೇಯಟ್‌ವಿಲ್‌ನ ಯೂನಿವರ್ಸಿಟಿ ತಂಡಗಳ ಪಾಲಿಗೆ. ತಂಡದ ಹೆಸರು ರೇಜರ್‌ಬ್ಯಾಕ್ಸ್, ಗುರುತು ಕಾಡುಹಂದಿ. ನಾನಿರುವುದು ಅಲ್ಲಿಂದ ಕಾರಿನಲ್ಲಿ ಅರ್ಧ ಗಂಟೆ ದೂರದ ಬೆಂಟನ್‌ವಿಲ್‌ನಲ್ಲಿ. ವಾಲ್‌ಮಾರ್ಟ್ ಮುಖ್ಯ ಕಚೇರಿ ಇರುವ ಊರು. ನನ್ನಂಥ ಐಟಿ ಜನ ಬೇಕಾದಷ್ಟಿದ್ದಾರೆ, ಕನ್ನಡ ಮಾತಾಡೋಕೆ ಬರಗಾಲವಿಲ್ಲ. ಆದರೆ ಅವರಲ್ಲಿ ಬೇಸ್‌ಬಾಲ್ ನೋಡುವವರು ಕಮ್ಮಿ. ಕಾಲೇಜು ಬೇಸ್‌ಬಾಲ್ ಅಂದರಂತೂ "ಅದನ್ನೂ ನೋಡ್ತಾರೇನ್ರೀ?" ಅನ್ನುತ್ತಾರೆ.

ನೋಡ್ತಾರೆ. ಫೇಯಟ್‌ವಿಲ್‌ನ ಬಾಮ್-ವಾಕರ್ ಸ್ಟೇಡಿಯಂನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ದೊಡ್ಡ ತಂಡ ಬಂದರೆ ಭರ್ತಿ. ಲೆಫ್ಟ್ ಫೀಲ್ಡ್ ಬೇಲಿಯ ಆಚೆ ಹಾಗ್ ಪೆನ್ ಅಂತ ಒಂದು ಹುಲ್ಲಿನ ಜಾಗ ಇದೆ. ಮಡಚುವ ಕುರ್ಚಿ ತಂದು ಹಾಕಿಕೊಂಡು, ಒಲೆ ಹಚ್ಚಿ ಮಾಂಸ ಸುಡುತ್ತಾ ಆಟ ನೋಡುವವರ ಅಡ್ಡಾ ಅದು. ನಾನು ಸಸ್ಯಾಹಾರಿ. ಆದರೂ ನನಗೆ ಅಲ್ಲೇ ಕೂರೋದು ಇಷ್ಟ.

ಈ ಬರಹ 2024ರ ಏಪ್ರಿಲ್ ಮೊದಲ ವಾರಗಳ ಬಗ್ಗೆ. ಆಗ ಬೇಸ್‌ಬಾಲ್ ತಂಡ ರಾಷ್ಟ್ರೀಯ ರ್‍ಯಾಂಕಿಂಗಿನ ಮೇಲ್ತುದಿಯಲ್ಲಿತ್ತು. ಅದೇ ಹೊತ್ತಿಗೆ ಬ್ಯಾಸ್ಕೆಟ್‌ಬಾಲ್ ಕೋಚ್ ಬಿಟ್ಟು ಹೋದರು, ಹೊಸ ಕೋಚ್‌ಗಾಗಿ ಹುಡುಕಾಟ ಶುರುವಾಯಿತು. ಒಂದೇ ವಾರದಲ್ಲಿ ಎರಡನ್ನೂ ಬೆನ್ನು ಹತ್ತಿದ್ದು ಹೇಗೆ ಅಂತ ಗೆಳೆಯರು ಕೇಳುತ್ತಿರುತ್ತಾರೆ. ನಾನು ಮಾಡಿದ್ದು ಬಹಳ ಸರಳ. ಸ್ಕೋರ್ ಬರೆಯುವ ಪುಸ್ತಕದ ಎಡಪುಟ ಬೇಸ್‌ಬಾಲ್‌ಗೆ, ಬಲಪುಟ ಗಾಳಿಸುದ್ದಿಗೆ.

ಮೊದಲು ಎಡಪುಟದ ವಿಷಯ. ಹಾಸನದಲ್ಲಿ ಕಾಲೇಜಿನ ಕ್ರಿಕೆಟ್ ಟೀಮಿನಲ್ಲಿ ಜಾಗ ಸಿಗದವನು ನಾನು. ಅದಕ್ಕೇ ಸ್ಕೋರ್ ಬರೆಯೋಕೆ ಕೂರಿಸುತ್ತಿದ್ದರು. ಆ ಚಟ ಹೋಗಿರಲಿಲ್ಲ. ಬೇಸ್‌ಬಾಲ್ ಸ್ಕೋರ್ ಕಲಿಸಿದವರು ಹಾಗ್ ಪೆನ್‌ನಲ್ಲಿ ಯಾವಾಗಲೂ ನನ್ನ ಪಕ್ಕ ಕೂರುವ ಒಬ್ಬ ಅಜ್ಜ, ನಿವೃತ್ತ ಲಾರಿ ಡ್ರೈವರ್. ಕ್ರಿಕೆಟ್‌ನಲ್ಲಿ ಚುಕ್ಕಿ ಇಟ್ಟು ಹೋಗುತ್ತೇವೆ. ಇಲ್ಲಿ ಪ್ರತಿ ಬ್ಯಾಟರ್‌ಗೂ ಒಂದೊಂದು ಚೌಕ. ಚೌಕದೊಳಗೆ ಪುಟ್ಟ ವಜ್ರದಾಕಾರ. ಆಟಗಾರ ಓಡಿ ಯಾವ ಬೇಸ್ (ಮೈದಾನದ ನಾಲ್ಕು ಮೂಲೆಗಳಲ್ಲಿ ಒಂದು) ತನಕ ಮುಟ್ಟಿದ ಅಂತ ಅದರ ಅಂಚಿನ ಮೇಲೆ ಗೆರೆ ಎಳೆಯಬೇಕು. ಒಂದು ಸುತ್ತು ಪೂರ್ತಿಯಾದರೆ ಒಳಗೆ ಕಪ್ಪು ತುಂಬಬೇಕು, ಅದು ರನ್.

ಫೀಲ್ಡರ್‌ಗಳಿಗೆ ಹೆಸರಿಲ್ಲ, ನಂಬರ್ ಮಾತ್ರ. ಚೆಂಡು ಎಸೆಯುವ ಪಿಚರ್ 1, ಬ್ಯಾಟರ್ ಹಿಂದೆ ಕೂತು ಹಿಡಿಯುವ ಕ್ಯಾಚರ್ 2, ಮೊದಲ ಬೇಸ್ 3, ಎರಡನೆಯದು 4, ಮೂರನೆಯದು 5, ಎರಡನೇ ಮೂರನೇ ಬೇಸುಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6. ಹೊರಗಿನ ಮೂವರು 7, 8, 9. ಚೆಂಡು ಶಾರ್ಟ್‌ಸ್ಟಾಪ್ ಕೈಗೆ ಸಿಕ್ಕಿ, ಅಲ್ಲಿಂದ ಎರಡನೇ ಬೇಸಿಗೆ, ಅಲ್ಲಿಂದ ಮೊದಲ ಬೇಸಿಗೆ ಹೋಗಿ ಇಬ್ಬರು ಔಟಾದರೆ 6-4-3. ಬ್ಯಾಟರ್ ಬೀಸಿ ತಪ್ಪಿದರೆ ಅಥವಾ ಹೊಡೆಯಲು ಆಗುವ ಎಸೆತವನ್ನು ಬಿಟ್ಟರೆ ಅದು ಸ್ಟ್ರೈಕ್. ಮೂರಾದರೆ ಔಟ್, ಅದೇ ಸ್ಟ್ರೈಕ್‌ಔಟ್. ಬ್ಯಾಟ್ ಬೀಸಿ ತಪ್ಪಿ ಮೂರನೇ ಸ್ಟ್ರೈಕಿಗೆ ಔಟಾದರೆ ಇಂಗ್ಲಿಷಿನ ಕೆ ಅಕ್ಷರ. ಬ್ಯಾಟ್ ಬೀಸದೆ ಸುಮ್ನೆ ನೋಡುತ್ತಾ ನಿಂತು ಔಟಾದರೆ ಅದೇ ಕೆ ಅಕ್ಷರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆಯಬೇಕು. ಈ ತಿರುಗುಮುರುಗು ಕೆ ಬರೆಯುವಾಗ ಸಿಗುವ ಖುಷಿಯೇ ಬೇರೆ. ಎದುರಾಳಿಗೆ ಅದರಷ್ಟು ಅವಮಾನ ಇನ್ನೊಂದಿಲ್ಲ.

ಒಂದು ತೊಂದರೆ ಇದೆ. ಹಾಗ್ ಪೆನ್‌ನಿಂದ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಬಲು ದೂರ. ಬ್ಯಾಟ್ ಬೀಸಿದನೋ ಇಲ್ಲವೋ ಕೆಲವು ಸಲ ಗೊತ್ತೇ ಆಗಲ್ಲ. ಅದಕ್ಕೆ ಕಿವಿಯಲ್ಲಿ ರೇಡಿಯೊ. ರೇಜರ್‌ಬ್ಯಾಕ್ ಬೇಸ್‌ಬಾಲ್ ರೇಡಿಯೊ ಅಂದರೆ ಫಿಲ್ ಎಲ್ಸನ್ ದನಿ. ಫೋನಿನ ಆ್ಯಪಿನಲ್ಲಿ ಕೇಳಿದರೆ ಆಟಕ್ಕಿಂತ ಹಿಂದೆ ಬೀಳುತ್ತೆ, ಜನ ಕೂಗಿದ ಮೇಲೆ ಕಾರಣ ಗೊತ್ತಾಗುತ್ತೆ. ಅಂಗೈಯಗಲದ ಎಫ್‌ಎಂ ರೇಡಿಯೊ ಒಂದು ಇಟ್ಟುಕೊಳ್ಳಿ, ಅಷ್ಟು ಕಾಟ ಇರಲ್ಲ.

ಸಮಯ ಹೊಂದಿಸೋದು ನನ್ನ ಕೆಲಸದಲ್ಲಿ ಇರುವವರಿಗೆ ಸುಲಭ. ಸೋಮವಾರದಿಂದ ಗುರುವಾರದವರೆಗೆ ರಾತ್ರಿ ಎಂಟೂವರೆ ಅಂದರೆ ಬೆಂಗಳೂರಲ್ಲಿ ಬೆಳಗ್ಗೆ ಏಳು ಗಂಟೆ, ಕಾಲ್ ತಪ್ಪಿದ್ದಲ್ಲ. ಶುಕ್ರವಾರ ರಾತ್ರಿ ಅಲ್ಲಿ ಶನಿವಾರ. ಯಾರೂ ಕರೆಯಲ್ಲ. ಕಾಲೇಜು ಬೇಸ್‌ಬಾಲ್‌ನಲ್ಲಿ ಲೀಗ್ ಸರಣಿಗಳು ಸಾಮಾನ್ಯವಾಗಿ ಶುಕ್ರ, ಶನಿ, ಭಾನುವಾರ ನಡೆಯುತ್ತವೆ. ತಂಡದ ಅತ್ಯುತ್ತಮ ಪಿಚರ್ ಶುಕ್ರವಾರವೇ ಎಸೆಯುತ್ತಾನೆ. ಆ ವರ್ಷ ನಮ್ಮ ಶುಕ್ರವಾರದ ಪಿಚರ್ ಹೇಗನ್ ಸ್ಮಿತ್, ಎಡಗೈ. ಫೆಬ್ರವರಿಯಲ್ಲೇ ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ಆರೆಗನ್ ಸ್ಟೇಟ್ ವಿರುದ್ಧ ಆರೇ ಇನಿಂಗ್ಸ್‌ನಲ್ಲಿ 17 ಸ್ಟ್ರೈಕ್‌ಔಟ್ ಮಾಡಿದ್ದ. ಒಂದು ಇನಿಂಗ್ಸಿಗೆ ಮೂರು ಔಟ್, ಅಂದರೆ 18ರಲ್ಲಿ 17! ಸೀಸನ್ ಮುಗಿಯುವಾಗ 84 ಇನಿಂಗ್ಸ್‌ಗೆ 161. ಅವನು ಎಸೆಯುವ ದಿನ ನನ್ನ ಎಡಪುಟದಲ್ಲಿ ಕೆ ಅಕ್ಷರ ಬಿಟ್ಟು ಬೇರೇನಾದರೂ ಇದೆಯಾ ಅಂತ ಹುಡುಕಬೇಕಾಗುತ್ತಿತ್ತು.

ಇನ್ನು ಬಲಪುಟ.

ಏಪ್ರಿಲ್ 4, ಗುರುವಾರ. ಬ್ಯಾಸ್ಕೆಟ್‌ಬಾಲ್ ಕೋಚ್ ಎರಿಕ್ ಮಸಲ್‌ಮನ್ ಕ್ಯಾಲಿಫೋರ್ನಿಯಾದ ಯುಎಸ್‌ಸಿ ಯೂನಿವರ್ಸಿಟಿಗೆ ಹೊರಟರು. 2021ರಲ್ಲೂ 2022ರಲ್ಲೂ ತಂಡವನ್ನು ರಾಷ್ಟ್ರೀಯ ಟೂರ್ನಿಯ ಕೊನೆಯ ಎಂಟು ತಂಡಗಳ ಘಟ್ಟದವರೆಗೆ ಒಯ್ದಿದ್ದವರು. ಆದರೆ ಆ ಸೀಸನ್ 16 ಗೆಲುವು, 17 ಸೋಲು. ಹೊರಟಿದ್ದಕ್ಕೆ ಬಹಳ ಜನ ಅಳಲಿಲ್ಲ. ಎಲ್ಲರಿಗೂ ಇದ್ದ ಪ್ರಶ್ನೆ ಒಂದೇ: ಮುಂದೆ ಯಾರು?

ಕೋಚ್ ಹುಡುಕೋದು ನಮ್ಮಲ್ಲಿ ಗಂಡು ಹುಡುಕಿದ ಹಾಗೆ. ಮನೆಯವರು ಬಾಯಿ ಬಿಡಲ್ಲ, ಊರಿನವರು ಬಾಯಿ ಮುಚ್ಚಲ್ಲ. ಯೂನಿವರ್ಸಿಟಿಯ ಕ್ರೀಡಾ ವಿಭಾಗದ ಮುಖ್ಯಸ್ಥ, ಅಂದರೆ ಅಥ್ಲೆಟಿಕ್ ಡೈರೆಕ್ಟರ್, ಹಂಟರ್ ಯುರಾಚೆಕ್ ಮೌನ. ಉಳಿದವರೆಲ್ಲಾ ಒಳಗಿನ ಸುದ್ದಿ ಗೊತ್ತಿರುವವರೇ. ಆಫೀಸಿನ ಕಾಫಿ ಮಷೀನ್ ಹತ್ತಿರ ಒಂದು ಹೆಸರು, ಕಟಿಂಗ್ ಶಾಪ್‌ನಲ್ಲಿ ಇನ್ನೊಂದು ಹೆಸರು, ಮಗಳ ಈಜು ಕ್ಲಾಸಿನ ಬೆಂಚಿನ ಮೇಲೆ ಮೂರನೆಯದು. ತಲೆ ಕೆಟ್ಟು ಹೋಯಿತು. ಗುರುವಾರ ರಾತ್ರಿಯೇ ಪುಸ್ತಕದ ಬಲಪುಟದಲ್ಲಿ ಕಾಲಂ ಎಳೆದೆ. ಸುದ್ದಿ ಏನು. ಹೇಳಿದ್ದು ಯಾರು. ಸ್ವಂತ ಹೆಸರು ಹಾಕಿ ಹೇಳಿದರಾ. ಸುಳ್ಳಾದರೆ ಅವರಿಗೇನು ನಷ್ಟ. ಕೊನೆಗೆ ಒಂದು ಖಾಲಿ ಜಾಗ, ಏನಾಯಿತು ಅಂತ ಬರೆಯೋಕೆ.

ಬೇಸ್‌ಬಾಲ್ ಸ್ಕೋರಿನಲ್ಲಿ 6-4-3 ಅಂತ ಬರೆದರೆ ಚೆಂಡು ಯಾರ್‍ಯಾರ ಕೈ ದಾಟಿತು ಅಂತ ಗೊತ್ತಾಗುತ್ತೆ ಅಲ್ವಾ. ಗಾಳಿಸುದ್ದಿಗೂ ಅದನ್ನೇ ಮಾಡಿದೆ. "ಅವರ ಭಾವಮೈದ ಹೇಳಿದ್ದು", "ಅವನಿಗೆ ಯಾರು ಹೇಳಿದರು", ಹೀಗೆ ಹಿಂದೆ ಹಿಂದೆ ಕೇಳುತ್ತಾ ಹೋದೆ. ಸುಮಾರು ಸುದ್ದಿಗಳು ಎರಡನೇ ಕೈಯಲ್ಲೇ ನಿಂತು ಹೋಗುತ್ತಿದ್ದವು. ಅದರ ಹಿಂದೆ ಯಾರೂ ಇರುತ್ತಿರಲಿಲ್ಲ.

ಶುಕ್ರವಾರ ಸ್ಟೇಡಿಯಂನಲ್ಲಿ ಒಂದು ತಮಾಷೆ. ಆ ವಾರಾಂತ್ಯ ಆಡಲು ಬಂದಿದ್ದದ್ದು ಓಲ್ ಮಿಸ್, ಅಂದರೆ ಮಿಸಿಸಿಪ್ಪಿ ಯೂನಿವರ್ಸಿಟಿ ತಂಡ. ಬ್ಯಾಸ್ಕೆಟ್‌ಬಾಲ್‌ಗೆ ಬರುತ್ತಾರೆ ಅಂತ ಜನ ಜಾಸ್ತಿ ಹೇಳುತ್ತಿದ್ದ ಹೆಸರು ಕ್ರಿಸ್ ಬಿಯರ್ಡ್, ಅದೇ ಓಲ್ ಮಿಸ್‌ನ ಬ್ಯಾಸ್ಕೆಟ್‌ಬಾಲ್ ಕೋಚ್! ಕೆಳಗೆ ಅವರ ಬೇಸ್‌ಬಾಲ್ ಹುಡುಗರನ್ನು ಬೈಯೋದು, ಮೇಲೆ ಅವರ ಕೋಚ್‌ನ್ನು ಬಾ ಅನ್ನೋದು. ಅಜ್ಜನಿಗೆ ಇದು ಸರಿಬರಲಿಲ್ಲ. "ಒಂದೇ ದಿನ ಒಂದೇ ಮನೆಯವರ ಜೊತೆ ಎರಡು ವ್ಯವಹಾರ ಬೇಡ" ಅಂದರು. ಕ್ಯಾನ್ಸಸ್ ಸ್ಟೇಟ್‌ನ ಜೆರೋಮ್ ಟ್ಯಾಂಗ್ ಹೆಸರೂ ಓಡಾಡುತ್ತಿತ್ತು. ಇಬ್ಬರೂ ತಮ್ಮ ಜಾಗ ಬಿಡಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಹೆಸರು ತೇಲಿಬಿಡುವುದರಿಂದ ಲಾಭ ಯಾರಿಗೆ ಅಂತ ನೋಡಬೇಕು. ಒಬ್ಬ ಕೋಚ್ ಬೇರೆ ಕಡೆ ಹೋಗಬಹುದು ಅಂತ ಸುದ್ದಿಯಾದರೆ, ಈಗಿರುವ ಯೂನಿವರ್ಸಿಟಿ ಸಂಬಳ ಏರಿಸುವ ಸಾಧ್ಯತೆ ಇರುತ್ತೆ. ಕೋಚ್‌ಗಳ ಏಜೆಂಟರಿಗೆ ಇದು ಚೆನ್ನಾಗಿ ಗೊತ್ತು. ಹಾಗಾಗಿ ಮೊದಲ ಎರಡು ದಿನ ಬರುವ ಹೆಸರುಗಳನ್ನು ನಾನು ಪೆನ್ಸಿಲ್‌ನಲ್ಲಿ ಬರೆಯುತ್ತೇನೆ.

ವಿಮಾನದ ಹುಚ್ಚು ಇನ್ನೊಂದು. ಕೋಚ್ ಹುಡುಕಾಟ ಬಂತೆಂದರೆ ಅಮೆರಿಕದಲ್ಲಿ ಅಭಿಮಾನಿಗಳು ಖಾಸಗಿ ವಿಮಾನಗಳನ್ನು ಮ್ಯಾಪಿನ ಮೇಲೆ ಹಿಂಬಾಲಿಸುತ್ತಾರೆ. ಇಂಥ ಊರಿಂದ ಹೊರಟಿತು, ಇಲ್ಲಿ ಇಳಿಯಿತು, ಒಳಗೆ ಅವರೇ ಇರಬೇಕು ಅಂತ. ಬೇರೆ ಊರುಗಳಲ್ಲಿ ಇದರಿಂದ ಏನಾದರೂ ತಿಳಿಯಬಹುದು. ನಮ್ಮ ಕಡೆ ಶುದ್ಧ ದಂಡ. ಬೆಂಟನ್‌ವಿಲ್‌ನಲ್ಲಿ ವಾಲ್‌ಮಾರ್ಟ್, ಸ್ಪ್ರಿಂಗ್‌ಡೇಲ್‌ನಲ್ಲಿ ಟೈಸನ್ ಫುಡ್ಸ್, ಲೋವೆಲ್‌ನಲ್ಲಿ ಜೆ.ಬಿ. ಹಂಟ್ ಲಾರಿ ಕಂಪನಿ. ಕಂಪನಿ ವಿಮಾನಗಳು ದಿನವಿಡೀ ಏರಿಳಿಯುತ್ತಲೇ ಇರುತ್ತವೆ. ಒಳಗಿರುವವನು ಕೋಚೋ, ಸೋಪು ಮಾರಲು ಬಂದ ಸೇಲ್ಸ್ ಮ್ಯಾನೇಜರೋ, ಮ್ಯಾಪ್ ಹೇಳಲ್ಲ. ವಿಮಾನದ ಸುದ್ದಿಗೆ ಬಲಪುಟದಲ್ಲಿ ಜಾಗವನ್ನೇ ಕೊಡಲಿಲ್ಲ.

ಭಾನುವಾರ, ಏಪ್ರಿಲ್ 7ರ ರಾತ್ರಿ ದೇಶದ ದೊಡ್ಡ ಕ್ರೀಡಾ ವರದಿಗಾರರು ತಮ್ಮ ಹೆಸರು ಹಾಕಿ ಬರೆದರು: ಕೆಂಟಕಿ ಯೂನಿವರ್ಸಿಟಿಯ ಬ್ಯಾಸ್ಕೆಟ್‌ಬಾಲ್ ಕೋಚ್ ಜಾನ್ ಕ್ಯಾಲಿಪಾರಿ ಆರ್ಕನ್ಸಾ ಜೊತೆ ಐದು ವರ್ಷದ ಒಪ್ಪಂದಕ್ಕೆ ಹತ್ತಿರವಾಗಿದ್ದಾರೆ. ಈ ಹೆಸರು ನನ್ನ ಬಲಪುಟದಲ್ಲಿ ಎಲ್ಲೂ ಇರಲಿಲ್ಲ. ಕಾಫಿ ಮಷೀನ್ ಹತ್ತಿರವೂ ಇರಲಿಲ್ಲ, ಕಟಿಂಗ್ ಶಾಪ್‌ನಲ್ಲೂ ಇರಲಿಲ್ಲ. 15 ವರ್ಷ ಕೆಂಟಕಿಯಲ್ಲಿದ್ದು 2012ರಲ್ಲಿ ಚಾಂಪಿಯನ್ ಆದವರು ಇಲ್ಲಿಗೆ ಬರುತ್ತಾರೆ ಅಂತ ಯಾರು ಅಂದುಕೊಳ್ಳುತ್ತಾರೆ ಹೇಳಿ.

ಆಮೇಲೆ ಕೂತು ಲೆಕ್ಕ ಹಾಕಿದರೆ ಕಾರಣಗಳು ಎದುರಿಗೇ ಇದ್ದವು. ಮಾರ್ಚ್‌ನಲ್ಲಿ ಕೆಂಟಕಿ ರಾಷ್ಟ್ರೀಯ ಟೂರ್ನಿಯ ಮೊದಲ ಸುತ್ತಿನಲ್ಲೇ ಓಕ್ಲೆಂಡ್ ಅನ್ನುವ ಸಣ್ಣ ಯೂನಿವರ್ಸಿಟಿಗೆ 80-76ರಿಂದ ಸೋತಿತ್ತು. ಅಲ್ಲಿಯ ಅಭಿಮಾನಿಗಳಿಗೆ ಸಾಕಾಗಿತ್ತು. ಆದರೆ ಕ್ಯಾಲಿಪಾರಿಯನ್ನು ತೆಗೆದುಹಾಕಿದರೆ 3 ಕೋಟಿ 30 ಲಕ್ಷ ಡಾಲರ್‌ಗೂ ಹೆಚ್ಚು ಕೊಡಬೇಕಿತ್ತು. ತಾವಾಗೇ ಹೊರಟರೆ ಆ ಗೋಳೇ ಇಲ್ಲ. ಈ ಕಡೆ ಟೈಸನ್ ಫುಡ್ಸ್‌ನ ಜಾನ್ ಟೈಸನ್‌ಗೂ ಕ್ಯಾಲಿಪಾರಿಗೂ ಹಳೇ ಸ್ನೇಹ. ಸಂಬಳ ವರ್ಷಕ್ಕೆ 70 ಲಕ್ಷ ಡಾಲರ್, ಕೆಂಟಕಿಯಲ್ಲಿ ಸಿಗುತ್ತಿದ್ದುದಕ್ಕಿಂತ ಕಮ್ಮಿಯೇ. ಅಂದಿನಿಂದ ಬಲಪುಟಕ್ಕೆ ಇನ್ನೊಂದು ಕಾಲಂ ಸೇರಿಸಿದ್ದೇನೆ: ಇರುವ ಜಾಗ ಬಿಡೋಕೆ ಯಾರಿಗೆ ಕಾರಣ ಇದೆ? ಯಾರು ಬರಲಿ ಅಂತ ಕೇಳುವ ಬದಲು ಯಾರಿಗೆ ಹೊರಡಬೇಕಾಗಿದೆ ಅಂತ ನೋಡಿದರೆ ಜಾಸ್ತಿ ತಿಳಿಯುತ್ತೆ.

ಸೋಮವಾರ ಸೂರ್ಯಗ್ರಹಣ. ಆರ್ಕನ್ಸಾದ ರಸೆಲ್‌ವಿಲ್‌ನಂಥ ಊರುಗಳಲ್ಲಿ ಪೂರ್ಣ, ನಮ್ಮಲ್ಲಿ ಒಂಚೂರು ಬಾಕಿ. ಅಮ್ಮ ಫೋನ್ ಮಾಡಿ, "ಬಿಟ್ಟ ಮೇಲೆ ಸ್ನಾನ ಮಾಡ್ಕೊಂಡು ಊಟ ಮಾಡಪ್ಪ" ಅಂದರು. ಹೊಸ ಕೋಚ್ ಬರ್ತಿದ್ದಾರೆ ಅಂದೆ. "ಗ್ರಹಣದ ದಿನ ಸಹಿ ಹಾಕ್ಬೇಡಿ ಅಂತ ಹೇಳು ಅವ್ರಿಗೆ" ಅಂದರು. ಹಾಗೇ ಆಯಿತು ನೋಡಿ. ಮಂಗಳವಾರ ಕ್ಯಾಲಿಪಾರಿ ವಿಡಿಯೊದಲ್ಲಿ ಕೆಂಟಕಿಗೆ ವಿದಾಯ ಹೇಳಿದರು. ಬುಧವಾರ, ಏಪ್ರಿಲ್ 10ರಂದು ನಮ್ಮ ಬ್ಯಾಸ್ಕೆಟ್‌ಬಾಲ್ ಅಂಗಳ ಬಡ್ ವಾಲ್ಟನ್ ಅರೀನಾದಲ್ಲಿ ಸಾವಿರಾರು ಜನರ ಮುಂದೆ ನಿಂತರು. ತಂಡವನ್ನು ಭೇಟಿಯಾದೆ, ಆದರೆ ತಂಡವೇ ಇಲ್ಲ ಅಂತ ಅವರು ಹೇಳಿದಾಗ ಎಲ್ಲರೂ ನಕ್ಕರು. ತಮಾಷೆ ಅಷ್ಟೇ ಅಲ್ಲ, ನಿಜವೂ ಹೌದು. ಕೋಚ್ ಬದಲಾದರೆ ಆಟಗಾರರೂ ಬೇರೆ ಯೂನಿವರ್ಸಿಟಿಗೆ ಹೋಗಬಹುದು. ಕೆಂಟಕಿಯಿಂದ ಡಿಜೆ ವ್ಯಾಗ್ನರ್, ಅಡೂ ಥಿಯೆರೊ, ಜ್ವೋನಿಮಿರ್ ಇವಿಸಿಚ್ ಅವರ ಹಿಂದೆ ಇಲ್ಲಿಗೆ ಬಂದರು. ಬಲಪುಟ ಇನ್ನಷ್ಟು ವಾರ ತುಂಬುತ್ತಲೇ ಇತ್ತು.

ಎಡಪುಟದ ಕಥೆ ಅಷ್ಟು ಚೆನ್ನಾಗಿ ಮುಗಿಯಲಿಲ್ಲ. ಜೂನ್ ಮೊದಲಲ್ಲಿ ನಾಕೌಟ್‌ನ ಮೊದಲ ಸುತ್ತು ನಮ್ಮ ಅಂಗಳದಲ್ಲೇ ನಡೆಯಿತು, ಎರಡು ಸೋತರೆ ಹೊರಗೆ. ಟ್ಯಾಂಗ್ ಬಿಡಲಿಲ್ಲ ಅಂದೆನಲ್ಲ, ಅದೇ ಕ್ಯಾನ್ಸಸ್ ಸ್ಟೇಟ್‌ನ ಬೇಸ್‌ಬಾಲ್ ಹುಡುಗರು ಬಂದು ಒಂದು ರನ್‌ನಿಂದ ಸೋಲಿಸಿದರು. ಮಾರನೇ ದಿನ ಸೌತ್‌ಈಸ್ಟ್ ಮಿಸೌರಿ ಮನೆಗೆ ಕಳಿಸಿತು. ಅಜ್ಜ ಆವತ್ತು 2018ರ ಸೋಲನ್ನು ಮತ್ತೆ ತೆಗೆದರು. ಒಮಾಹಾದಲ್ಲಿ ಮೂರು ಆಟಗಳ ರಾಷ್ಟ್ರೀಯ ಫೈನಲ್, ಎರಡನೇ ಆಟ, ಕೊನೆಯ ಒಂಬತ್ತನೇ ಇನಿಂಗ್ಸ್, ಎರಡು ಔಟ್, ನಾವು ಒಂದು ರನ್ ಮುಂದೆ. ಗೆರೆಯಾಚೆ ಮೇಲೆದ್ದ ಸುಲಭದ ಫೌಲ್ ಚೆಂಡು ನಮ್ಮ ಮೂವರು ಫೀಲ್ಡರ್‌ಗಳ ನಡುವೆ ಬಿತ್ತು. ನೀ ಹಿಡಿ, ನಾ ಹಿಡಿ ಅಂತ ನಿಂತರು. ಆರೆಗನ್ ಸ್ಟೇಟ್ ಅಲ್ಲಿಂದ 5-3 ಗೆದ್ದು, ಮಾರನೇ ದಿನ ಕಪ್ಪೂ ಎತ್ತಿತು. ಆರ್ಕನ್ಸಾ ಬೇಸ್‌ಬಾಲ್‌ನಲ್ಲಿ ಇವತ್ತಿಗೂ ರಾಷ್ಟ್ರೀಯ ಚಾಂಪಿಯನ್ ಆಗಿಲ್ಲ. ಅಜ್ಜನ ಪುಸ್ತಕದಲ್ಲಿ ಆ ಚೌಕ ಖಾಲಿ ಇದೆ, ಬರೆಯೋಕೆ ಮನಸ್ಸು ಬರಲಿಲ್ಲವಂತೆ.

ಶುರು ಮಾಡುವವರು ಫೆಬ್ರವರಿ ಮಧ್ಯದಲ್ಲಿ ಶುರು ಮಾಡಿ, ಆಗ ಎದುರಾಳಿಗಳು ಸುಲಭ, ಸ್ಕೋರ್ ಬರೆಯುವ ಕೈ ಪಳಗುತ್ತೆ. ಚಳಿ ಇರುತ್ತೆ, ಕೈಗವಸು ಹಾಕಿಕೊಂಡು ಪೆನ್ಸಿಲ್ ಹಿಡಿಯೋದು ಕಷ್ಟ, ಬೆರಳ ತುದಿ ಕತ್ತರಿಸಿದ ಗವಸು ತಗೊಳ್ಳಿ.

ಬೇಸ್‌ಬಾಲ್ ಕೋಚ್ ಬಗ್ಗೆ ಮಾತ್ರ ನಾನು ಬಲಪುಟದಲ್ಲಿ ಒಂದು ಸಾಲೂ ಬರೆಯಬೇಕಾಗಿ ಬಂದಿರಲಿಲ್ಲ. ಡೇವ್ ವ್ಯಾನ್ ಹಾರ್ನ್ ಇಲ್ಲೇ ಆಡಿದವರು, 2003ರ ಸೀಸನ್‌ನಿಂದ ಇಲ್ಲೇ ಕೋಚ್. ಅವರು ಯಾವತ್ತೋ ನಿವೃತ್ತರಾಗಲೇಬೇಕಲ್ಲ ಅಂತ ಅಜ್ಜ ಈಗಲೇ ಒಂದು ಹೆಸರು ಹೇಳೋಕೆ ಶುರು ಮಾಡಿದ್ದಾರೆ. ಪುಸ್ತಕ ತೆಗೆದು, ಹೇಳಿದ್ದು ಯಾರು ಅಂತ ಕೇಳಿದೆ.

"ನನ್ನ ಅಳಿಯ" ಅಂದರು.

"ಅವರಿಗೆ ಯಾರು ಹೇಳಿದ್ರು?"

"ಅವನು ಲಿಟಲ್ ರಾಕ್‌ನಲ್ಲಿ ಹಲ್ಲಿನ ಡಾಕ್ಟರು ಕಣಯ್ಯಾ. ಬಾಯಿ ಬಿಡಿಸೋದು ಅವನಿಗೆ ಹೇಳಿಕೊಡಬೇಕಾ?"